ಬಿಸಿಲು ಹಚ್ಚಿದ ಬಣ್ಣ

ಮಾರ್ಚ್ 3, ಸೋಮವಾರ

ಹಣೆಯ ಮೇಲೆ ಹೀಗೆ ಕೂದಲು ಇಳಿಬಿಡುವುದು ನನ್ನದೇ ಯೋಚನೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅಲ್ಲ. ಅದು ಮಿಂಚುವಿನದು. ಪತ್ರಿಕೆಯವರು ಮಿಂಚು ಎಂದು ಕರೆಯುವ ಆ ನಟಿ ತನ್ನ ಎರಡನೇ ಸಿನಿಮಾದಲ್ಲಿ ಹೀಗೆ ಕತ್ತರಿಸಿಕೊಂಡಿದ್ದಳು. ನೋಡಿ ಬಂದ ದಿನವೇ ನಾನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಮ್ಮನ ಕತ್ತರಿ ಆಡಿಸಿದೆ. ಕ್ಲಾಸಿನಲ್ಲಿ ಯಾರೋ "ಥೇಟ್ ಮಿಂಚು ಥರ" ಅಂದಾಗ "ಯಾರವಳು?" ಎಂದು ಕೇಳಿದ್ದೆ. ಸುಳ್ಳು ಹೇಳದವಳು ಎಂದು ಹೆಸರು ಮಾಡಿರುವ ನಾನು ಹೇಳಿದ ಒಂದೇ ಸುಳ್ಳು ಇದು. ಅದನ್ನೇ ದಿನಾ ಬೆಳಿಗ್ಗೆ ಬಾಚಿಕೊಳ್ಳುತ್ತಿದ್ದೇನೆ.

ಇವತ್ತು ಅದು ನೆನಪಾಗಲು ಕಾರಣವಿದೆ. ಹೊಸ ಕೆಲಸಕ್ಕೆ ಸೇರಿದೆ. ಕ್ರೀಮು, ಪೌಡರು, ಕ್ಲಿಪ್ಪು, ಲಿಪ್‌ಸ್ಟಿಕ್ ಮಾರುವ ಅಂಗಡಿ. ಬಾಗಿಲಲ್ಲೇ ಮಿಂಚು ನಿಂತಿದ್ದಳು, ನನ್ನಷ್ಟೇ ಎತ್ತರದ ರಟ್ಟಿನ ಕಟೌಟ್. ಅವಳ ಕೈಯಲ್ಲಿರುವ ಲಿಪ್‌ಸ್ಟಿಕ್ಕಿಗೆ ಅವಳದೇ ಹೆಸರು, ಮಿಂಚು ಕೆಂಪು. ಅಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕ ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಕೂದಲು ಒಂದೇ ಥರ ಇದೆಯಲ್ಲ, ಒಳ್ಳೇದೇ ಆಯ್ತು" ಅಂದರು. ನನ್ನ ಕಿವಿ ಬಿಸಿಯಾಯಿತು.

ಇದು ನನ್ನ ನಾಲ್ಕನೇ ಕೆಲಸ. ಬೇಕರಿ ಬಿಟ್ಟೆ, ಜೆರಾಕ್ಸ್ ಅಂಗಡಿ ಬಿಟ್ಟೆ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಬಿಟ್ಟೆ. ಎಲ್ಲಕ್ಕಿಂತ ಮೊದಲು ಶಾಲೆ ಬಿಟ್ಟೆ. ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಯಲ್ಲಿ ಉತ್ತರ ಬಾರದ ಪ್ರಶ್ನೆಗಳಿಗೆಲ್ಲ ಅಚ್ಚುಕಟ್ಟಾಗಿ "ಗೊತ್ತಿಲ್ಲ" ಎಂದು ಬರೆದಿದ್ದೆ. ಇದು ಉದ್ಧಟತನ ಎಂದರು ಮೇಷ್ಟ್ರು. ಕದ್ದು ಬರೆದಿದ್ದರೆ ಚೆನ್ನಾಗಿತ್ತಾ ಎಂದು ಕೇಳಿದೆ. ಆಮೇಲೆ ಅತ್ತ ಕಡೆ ಹೋಗಲಿಲ್ಲ.

ಅಮ್ಮ ಹೇಳಿದ್ದಾಳೆ, ಇದನ್ನೂ ಬಿಟ್ಟರೆ ಅವಳ ಜೊತೆ ಆಸ್ಪತ್ರೆಯ ಲಾಂಡ್ರಿಗೆ ಹೋಗಬೇಕಂತೆ. ಆ ಬಿಸಿ ಆವಿಯಲ್ಲಿ ನಿಂತು ನಿಂತು ಅವಳಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ನನ್ನನ್ನು ಹೆದರಿಸಲು ಹೇಳಿದ ಮಾತು. ಹೇಳುವಾಗ ಹೆದರಿದ್ದು ಅವಳೇ.

ಮಾರ್ಚ್ 5, ಬುಧವಾರ

ಅಕ್ಕ ಕಲಿಸಿದ ಮೊದಲ ಪಾಠ: ಗಿರಾಕಿ "ಇದು ನನಗೆ ಒಪ್ಪುತ್ತಾ?" ಅಂತ ಕೇಳಿದರೆ "ತುಂಬಾ ಒಪ್ಪುತ್ತೆ" ಅನ್ನಬೇಕು. ಎರಡನೇ ಪಾಠ ಇಲ್ಲ.

ಮಧ್ಯಾಹ್ನ ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ ನೇತುಹಾಕಿಕೊಂಡ ಒಬ್ಬಾಕೆ ಬಂದಳು. ಮಿಂಚು ಕೆಂಪು ಹಚ್ಚಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ, "ನಾಳೆ ಮ್ಯಾನೇಜರ್ ಹತ್ರ ಸಂಬಳ ಜಾಸ್ತಿ ಕೇಳೋಕೆ ಹೋಗ್ತಿದೀನಿ. ಒಪ್ಪುತ್ತೇನಮ್ಮಾ?" ಅಂದಳು.

"ಒಪ್ಪಲ್ಲ," ಅಂದೆ.

"ನಿನಗೇನು ಗೊತ್ತು ನಮ್ಮ ಮ್ಯಾನೇಜರು ಒಪ್ಪಲ್ಲ ಅಂತ?"

"ಮ್ಯಾನೇಜರ್ ವಿಷಯ ಅಲ್ಲ ಮೇಡಂ. ಕೆಂಪು ನಿಮಗೆ ಒಪ್ಪಲ್ಲ."

"ಹಾಗಾದ್ರೆ ಅವರು ಒಪ್ತಾರಾ?"

"ಅವರನ್ನ ನಾನು ನೋಡಿಲ್ಲ. ನೋಡಿದ್ರೆ ಅವರಿಗೆ ಯಾವ ಬಣ್ಣ ಅಂತ ಹೇಳಬಹುದು."

ಆಕೆ ಟಿಶ್ಯೂವಿನಿಂದ ತುಟಿ ಉಜ್ಜಿಕೊಂಡು ಹೊರಟೇ ಹೋದಳು. ಅಕ್ಕ ಎರಡೂ ಕೈ ಜೋಡಿಸಿದರು. "ತಾಯಿ, ನೀನು ಲಿಪ್‌ಸ್ಟಿಕ್ ಮಾರೋಕೆ ಬಂದಿದೀಯೋ, ಅಂಗಡಿ ಮುಚ್ಚಿಸೋಕೆ ಬಂದಿದೀಯೋ?"

ಬಣ್ಣ ಮಾರಬಹುದು. ಬಣ್ಣದ ಮಾತು ನನಗೆ ಬರುವುದಿಲ್ಲ. ಈ ಹೆಂಗಸರೆಲ್ಲ ಕುರಿಗಳ ಹಾಗೆ ಒಬ್ಬಳ ಹಿಂದೆ ಒಬ್ಬಳು ಬಂದು ಮಿಂಚುವಿನ ತುಟಿ ಬೇಕು ಅನ್ನುತ್ತಾರೆ. ಒಂದು ತಿಂಗಳು ನೋಡುತ್ತೇನೆ.

ಮಾರ್ಚ್ 9, ಭಾನುವಾರ

ರಜೆ. ಅಣ್ಣ ನನ್ನನ್ನು ಸೂಜಿ ಎಂದೇ ಕರೆಯುವುದು. "ಏನೇ ಸೂಜಿ, ಈ ವಾರ ಎಷ್ಟು ಜನಕ್ಕೆ ಚುಚ್ಚಿದೆ?" ಅಂತ ಕೇಳಿದ. ಎಲ್ಲಾದರೂ ದೂರ ಹೋಗಬೇಕು ಅನ್ನಿಸಿತು. ಎಲ್ಲಿಗೆ ಅಂತ ಅನ್ನಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಮಿಂಚು ಕೆಂಪು ಮಾಡುವ ಕಂಪನಿಯವನು ಬಂದಿದ್ದ. ಅವನು ಬರುವ ಮೊದಲೇ ಅವನ ಸೆಂಟು ಬರುತ್ತದೆ, ಅದಕ್ಕೇ ಅಕ್ಕ ಅವನಿಗೆ ಇಟ್ಟ ಹೆಸರು ಸೆಂಟು ಸಾರ್. ಕೆಟ್ಟವನಲ್ಲ. ನನಗೂ ಕಾಫಿ ತರಿಸಿದ.

"ಏನೂ ಕಷ್ಟ ಇಲ್ಲಮ್ಮ. ಮಿಂಚು ದಿನಾ ಇದನ್ನೇ ಹಚ್ಚೋದು ಅಂತ ಹೇಳು, ಸಾಕು."

"ನೀವು ನೋಡಿದೀರಾ ಸಾರ್?"

"ಏನನ್ನ?"

"ಅವಳು ಹಚ್ಕೊಳ್ಳೋದನ್ನ."

"ಜಾಹೀರಾತು ನೋಡಿಲ್ವಾ ನೀನು?"

"ಜಾಹೀರಾತಿನಲ್ಲಿ ಅವಳು ಹಾರ್ತಾಳೆ ಕೂಡ."

ಅವನು ನಕ್ಕ. ಆಮೇಲೆ ಅಕ್ಕನ ಕಡೆ ತಿರುಗಿ, ನಗು ಬಿಟ್ಟು ಹೇಳಿದ. ಮೇ ತಿಂಗಳವರೆಗೆ ಮಿಂಚು ಕೆಂಪು ಚೆನ್ನಾಗಿ ಹೋಗದಿದ್ದರೆ ಕಟೌಟು, ಬೋರ್ಡು, ದೀಪ ಹಾಕಿದ ಕನ್ನಡಿ ಎಲ್ಲವನ್ನೂ ಬಸ್ ನಿಲ್ದಾಣದ ಹತ್ತಿರದ ದೊಡ್ಡ ಅಂಗಡಿಗೆ ಕೊಡುತ್ತಾರಂತೆ.

ಅವನು ಹೋದಮೇಲೆ ಅಕ್ಕ ಸ್ಟೂಲಿನ ಮೇಲೆ ಕುಳಿತರು. "ಆ ದೊಡ್ಡ ಅಂಗಡಿ ಬಂದಾಗಿಂದ ನನ್ನ ಬಾಗಿಲಿಗೆ ಜನ ತಿರುಗಿ ನೋಡೋದು ಅವಳಿಂದ ಕಣೆ. ನಿನ್ನ ಮುಖ ನೋಡಿ ಅಲ್ಲ, ನನ್ನ ಮುಖ ನೋಡಿಯೂ ಅಲ್ಲ. ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗುತ್ತೆ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮಾತು ಅಕ್ಕನದು, ಪ್ಯಾಕಿಂಗ್ ನನ್ನದು. ನಾನು ಬಾಯಿ ಬಿಡಬಾರದು.

ಮಾರ್ಚ್ 22, ಶನಿವಾರ

ಬಾಯಿ ಬಿಟ್ಟಿಲ್ಲ. ದವಡೆ ನೋಯುತ್ತಿದೆ.

ಏಪ್ರಿಲ್ 2, ಬುಧವಾರ

ತಮಾಷೆ ನಡೆದಿದೆ.

ಕೆಲವು ದಿನಗಳಿಂದ ಮಿಂಚು ಕೆಂಪು ಕೊಂಡವರು ಅದನ್ನು ಹಿಡಿದುಕೊಂಡು ವಾಪಸು ಬರುತ್ತಿದ್ದಾರೆ. "ಇದು ಡೂಪ್ಲಿಕೇಟು. ಅವಳ ತುಟಿಯ ಬಣ್ಣವೇ ಬೇರೆ, ಇದೇ ಬೇರೆ." ಇವತ್ತು ಬಸ್ ಕಂಡಕ್ಟರ್ ಆಂಟಿ ಟ್ಯೂಬನ್ನು ಕಟೌಟಿನ ಬಾಯಿಗೇ ಹಿಡಿದು ತೋರಿಸಿದಳು. ನಿಜವಾಗಿಯೂ ಬೇರೆ. ಟ್ಯೂಬಿನಲ್ಲಿರುವುದು ಕಣ್ಣಿಗೆ ಹೊಡೆಯುವ ಕೆಂಪು. ರಟ್ಟಿನ ತುಟಿಯಲ್ಲಿರುವುದು ಒಣಗಿಸಿಟ್ಟ ಗುಲಾಬಿಯ ಹಾಗೆ, ಅಂಚಿನಲ್ಲಿ ಸ್ವಲ್ಪ ನೇರಳೆ.

ನಾನು ಕಟೌಟನ್ನು ತಿರುಗಿಸಿ ನೋಡಿದೆ. ಬಾಗಿಲ ಮರೆಯಲ್ಲಿದ್ದ ಎಡಗೈಯ ಲಿಪ್‌ಸ್ಟಿಕ್ಕು ಇನ್ನೂ ಕೆಂಪಗಿದೆ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಹೊಡೆದು ಹೊಡೆದು ಮಿಂಚು ಮಾಸಿಹೋಗಿದ್ದಾಳೆ. ದಿನಾ ಬೆಳಿಗ್ಗೆ ಹೊರಗಿಟ್ಟು ಸಂಜೆ ಒಳಗೆ ತರುವ ನಮ್ಮಿಬ್ಬರಿಗೂ ಗೊತ್ತೇ ಆಗಿರಲಿಲ್ಲ. ಬೀದಿಯಲ್ಲಿ ಹೋಗುವ ಹೆಂಗಸರು ಮಾತ್ರ ಅವಳೇನೋ ಹೊಸ ಬಣ್ಣ ಶುರುಮಾಡಿದ್ದಾಳೆ ಅಂದುಕೊಂಡು ಒಳಗೆ ಬರುತ್ತಿದ್ದಾರೆ.

ಅಕ್ಕ ಮೆಲ್ಲಗೆ ಹೇಳಿದರು, "ಹಚ್ಚಿ ಒಣಗಿದ ಮೇಲೆ ಆ ಬಣ್ಣಕ್ಕೆ ಬರುತ್ತೆ ಅನ್ನೋಣ."

"ಬರಲ್ವಲ್ಲ ಅಕ್ಕ."

"ನೀನು ಅನ್ನಬೇಡ, ನಾನು ಅಂತೀನಿ."

"ನೀವು ಅಂದ್ರೂ ಬರಲ್ಲ."

ಏಪ್ರಿಲ್ 11, ಶುಕ್ರವಾರ

ಒಂದು ವಾರದಿಂದ ನನ್ನ ಎಡಗೈ ಮುಂಗೈಯಿಂದ ಮೊಣಕೈವರೆಗೆ ಪಟ್ಟೆಪಟ್ಟೆಯಾಗಿದೆ. ಅಂಗಡಿಯಲ್ಲಿರುವ ಎಲ್ಲ ಲಿಪ್‌ಸ್ಟಿಕ್ಕುಗಳನ್ನೂ ಒಂದರ ಮೇಲೊಂದು ಹಚ್ಚಿ, ಓಡಿಹೋಗಿ ಕಟೌಟಿನ ತುಟಿಯ ಪಕ್ಕ ಹಿಡಿದು ನೋಡುವುದು. ಬಗ್ಗಿದಾಗಲೆಲ್ಲ ಕೂದಲು ಕಣ್ಣಿಗೆ ಬಿದ್ದು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ಕ್ಲಿಪ್ಪು ಹಾಕಿ ಮೇಲೆತ್ತಿಬಿಟ್ಟಿದ್ದೇನೆ. ಊಟದ ಹೊತ್ತು ಮೀರಿದ್ದು ಅಕ್ಕ ಕೂಗಿದ ಮೇಲೆಯೇ ಗೊತ್ತಾಗುತ್ತದೆ.

ಇವತ್ತು ಸಿಕ್ಕಿತು. ಕೆಳಗಿನ ಡ್ರಾಯರಿನಲ್ಲಿ ಯಾರೂ ಕೇಳದೆ ಬಿದ್ದಿದ್ದ ಅಗ್ಗದ ಮಾಲು, ಪಕ್ಕದ ಊರಿನ ಸಣ್ಣ ಕಾರ್ಖಾನೆಯದು. ಮೊದಲು ಕಂದು, ತೆಳ್ಳಗೆ. ಟಿಶ್ಯೂ ಒತ್ತಿ ತೆಗೆಯಬೇಕು. ಅದರ ಮೇಲೆ ತಿಳಿಗುಲಾಬಿ, ಬೆರಳಿನಿಂದ ತಟ್ಟಿ.

ಮೊದಲು ಹಚ್ಚಿಸಿಕೊಂಡದ್ದು ಆಸ್ಪತ್ರೆಯ ನರ್ಸು, ಡ್ಯೂಟಿ ಮುಗಿಸಿ ಬಂದವಳು. ಮೊದಲೇ ಹೇಳಿಬಿಟ್ಟೆ. "ಸಿಸ್ಟರ್, ಮಿಂಚು ಇದನ್ನ ಹಚ್ಚೋದಿಲ್ಲ. ಆ ಕಟೌಟಿಗೆ ಈ ಬಣ್ಣ ಹಚ್ಚಿದ್ದು ಬಿಸಿಲು."

ಅವಳು ಕನ್ನಡಿಯಲ್ಲಿ ಅತ್ತ ಇತ್ತ ಮುಖ ತಿರುಗಿಸಿ ನೋಡಿಕೊಂಡಳು. "ನಮಗೂ ಬಿಸಿಲು ಹೊಡೆಯುತ್ತೆ, ನಮ್ಮ ಮುಖಕ್ಕೆ ಮಾತ್ರ ಹೀಗೆ ಮಾಡಲ್ಲ ನೋಡು," ಅಂದಳು. ಎರಡೂ ಟ್ಯೂಬು ತೆಗೆದುಕೊಂಡು ಹೋದಳು.

ಅಕ್ಕ ನನ್ನನ್ನೇ ನೋಡುತ್ತಿದ್ದರು. ಒಪ್ಪಂದ ಮುರಿದಿದ್ದೆ. ಅವರು ಆ ವಿಷಯ ಎತ್ತಲಿಲ್ಲ.

ಏಪ್ರಿಲ್ 19, ಶನಿವಾರ

ಈಗ ಅದಕ್ಕೆ ಹೆಸರೇ ಬಂದಿದೆ. "ಮಾಸಿದ್ದು ಕೊಡಮ್ಮ" ಅನ್ನುತ್ತಾರೆ.

ಎಲ್ಲರಿಗೂ ಒಂದೇ ಥರ ಹಚ್ಚಿದರೆ ಆಗುವುದಿಲ್ಲ. ಕಂಡಕ್ಟರ್ ಆಂಟಿಯ ತುಟಿಯಲ್ಲೇ ನೇರಳೆ ಇದೆ, ಅವಳಿಗೆ ಕಂದು ಬೇಡವೇ ಬೇಡ. ಗ್ರಂಥಾಲಯದ ಮೇಡಂ ತುಟಿ ಬಿರುಕು, ಮೊದಲು ವ್ಯಾಸಲೀನು. ಹೊಲಿಗೆಯ ಅಂಗಡಿಯವಳು ಮಾತಾಡುವಾಗಲೆಲ್ಲ ಕೆಳತುಟಿ ಕಚ್ಚುತ್ತಾಳೆ, ಗುಲಾಬಿ ಕಡಿಮೆ ಹಾಕಿದರೆ ಹಲ್ಲಿಗೆ ಹತ್ತುವುದಿಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ, ಯಾರೂ ಎದ್ದು ಹೋಗಲಿಲ್ಲ. ನಾನು ಮೊದಲೂ ನಿಜವನ್ನೇ ಹೇಳುತ್ತಿದ್ದೆ, ಈಗಲೂ ಅದನ್ನೇ ಹೇಳುತ್ತಿದ್ದೇನೆ. ಜನರೇ ಬದಲಾಗಿದ್ದಾರೆ.

ಸಂಬಳದ ಮೇಡಂ ಮತ್ತೆ ಬಂದಿದ್ದಳು. ಕೌಂಟರಿನ ಹಿಂದೆ ಅಡಗೋಣ ಅನ್ನಿಸಿತು.

"ನೀನು ಹೇಳಿದ ಹಾಗೇ ಆಯ್ತಲ್ಲೇ. ಒಪ್ಪಲಿಲ್ಲ ಆತ."

"ಮೇಡಂ, ನಾನು ಹೇಳಿದ್ದು ಬಣ್ಣ..."

"ಇರಲಿ ಬಿಡು. ಬೇರೆ ಕಡೆ ಕೆಲಸ ಸಿಕ್ತು. ಅಲ್ಲಿಗೆ ಯಾವುದು ಒಪ್ಪುತ್ತೆ, ನೀನೇ ನೋಡಿ ಹಚ್ಚು."

ಏಪ್ರಿಲ್ 27, ಭಾನುವಾರ

ಅಮ್ಮ ಬಟ್ಟೆ ಮಡಿಸುತ್ತಾ, ನನ್ನ ಕಡೆ ನೋಡದೆ, "ಲಾಂಡ್ರಿಯಲ್ಲಿ ಎಲ್ಲರೂ ನಿನ್ನ ಮಾಸಿದ್ದು ಹಚ್ಕೊಂಡು ಬರ್ತಾರೆ" ಅಂದಳು. ಆಮೇಲೆ ಇನ್ನೊಂದು ದುಪ್ಪಟಿ ಮಡಿಸಿದಳು. ಆಮೇಲೆ, "ಈ ವಯಸ್ಸಿಗೆ ಚೆನ್ನಾಗಿರಲ್ಲ ಅಲ್ವಾ?"

"ಕೂತ್ಕೋ," ಅಂದೆ.

ಅಮ್ಮನ ಮುಖವನ್ನು ಅಷ್ಟು ಹತ್ತಿರದಿಂದ ಯಾವಾಗ ನೋಡಿದ್ದೆನೋ. ಮೇಲ್ತುಟಿಯ ಒಂದು ಬದಿ ಇನ್ನೊಂದಕ್ಕಿಂತ ತೆಳು, ನನ್ನದೂ ಹಾಗೇ. ಕಂದು ಸಾಕಾಯಿತು, ಗುಲಾಬಿ ಬರೀ ನಡುವೆ. ಒಪ್ಪಿತು. ಒಪ್ಪದಿದ್ದರೆ ಹೇಳಿಬಿಡುತ್ತಿದ್ದೆ, ಅದು ಅವಳಿಗೂ ಗೊತ್ತು, ಅದಕ್ಕೇ ನಾನು "ಆಯ್ತು" ಅನ್ನುವವರೆಗೂ ಉಸಿರು ಬಿಗಿಹಿಡಿದಿದ್ದಳು.

ಸಂಜೆ ಚಹಾ ಕುಡಿಯುವಾಗ ಲೋಟಕ್ಕೆ ತುಟಿ ತಾಗದ ಹಾಗೆ ಹಲ್ಲಿನಿಂದ ಹೀರಿ ನೆತ್ತಿಗೆ ಹತ್ತಿಸಿಕೊಂಡಳು. ಅಣ್ಣ ಬೆನ್ನು ತಟ್ಟುತ್ತಾ, "ಸೂಜಿ, ನಿನ್ನ ಬಣ್ಣ ಜೀವ ತೆಗೆಯುತ್ತೆ ಕಣೇ" ಅಂದ. ಮೂವರೂ ನಕ್ಕೆವು.

ಮೇ 6, ಮಂಗಳವಾರ

ಸೆಂಟು ಸಾರ್ ಬಂದ. ಮಿಂಚು ಕೆಂಪು ಶೆಲ್ಫಿನಲ್ಲಿ ಹಾಗೇ ಕೂತಿರುವುದನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಮಾಸಿದ್ದು ಕೊಳ್ಳುತ್ತಿದ್ದ ಇಬ್ಬರನ್ನು ನೋಡುತ್ತಾ ನಿಂತ. ಆಮೇಲೆ ಯಾರ ಜೊತೆಗೋ ಫೋನಿನಲ್ಲಿ ತುಂಬ ಹೊತ್ತು ಮಾತಾಡಿ ಬಂದ.

ಅವನು ಹೇಳಿದ್ದು ಇಷ್ಟು. ಕಂಪನಿ ಈ ಬಣ್ಣವನ್ನು ಮಿಂಚುವಿನ ಹೆಸರಿನಲ್ಲೇ ಹೊರತರುತ್ತದೆ. ನಾನು ಕ್ಯಾಮೆರಾದ ಮುಂದೆ ನಿಂತು, "ಇದು ಮಿಂಚುವಿನ ಮನೆಯ ಗುಟ್ಟು, ಅವರೇ ನನಗೆ ಹೇಳಿಕೊಟ್ಟರು" ಅನ್ನಬೇಕು. ಆಮೇಲೆ ನಾನು ಕಂಪನಿಯ ಹುಡುಗಿ, ಊರೂರು ಸುತ್ತುವ ಕೆಲಸ. ಕಟೌಟು, ಬೋರ್ಡು, ಕನ್ನಡಿ ಅಕ್ಕನ ಅಂಗಡಿಯಲ್ಲೇ ಇರುತ್ತವೆ. ಇಲ್ಲವೆಂದರೆ ಶನಿವಾರ ಎಲ್ಲವನ್ನೂ ವ್ಯಾನಿಗೆ ಹಾಕುತ್ತಾರೆ.

"ಆ ಕ್ಲಿಪ್ಪು ತೆಗೆದು ಕೂದಲು ಹಣೆಗೆ ಬಿಡಮ್ಮ," ಅಂದ. "ಅವಳ ತಂಗಿ ಥರಾನೇ ಕಾಣ್ತೀಯ."

ಅಕ್ಕ ಕೌಂಟರಿನ ಗಾಜನ್ನು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

ಮೇ 7, ಬುಧವಾರ

ಕನ್ನಡಿಯ ಮುಂದೆ ಹೇಳಿ ನೋಡಿದೆ. "ಇದು ಮಿಂಚುವಿನ ಮನೆಯ" ಅನ್ನುವಷ್ಟರಲ್ಲಿ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದು ಮತ್ತೆ ಹೇಳಿದೆ. ಮತ್ತೆ ಬಿಕ್ಕಳಿಕೆ.

ಮೇ 8, ಗುರುವಾರ

ಹೇಳಬೇಕು. ಅಕ್ಕನಿಗೋಸ್ಕರ. ಅಮ್ಮನಿಗೋಸ್ಕರ. ಊರೂರು ಸುತ್ತುವುದು ನನಗೂ ಬೇಕು, ಅದನ್ನೂ ಬರೆದುಬಿಡುತ್ತೇನೆ. ಒಂದು ಸಾಲು. ಎಷ್ಟೋ ಜನ ದಿನಾ ಹತ್ತು ಹೇಳುತ್ತಾರೆ.

ಆದರೆ ನರ್ಸು ಆ ಜಾಹೀರಾತು ನೋಡುತ್ತಾಳೆ. ಕಂಡಕ್ಟರ್ ಆಂಟಿ ನೋಡುತ್ತಾಳೆ. ಬಿಸಿಲಿನ ವಿಷಯ ನಾನು ಹೇಳಿದ್ದು ಅವರಿಗೆಲ್ಲ ನೆನಪಿದೆ. ಆಮೇಲೆ ಅಮ್ಮನಿಗೆ ನಾನು "ಆಯ್ತು" ಅಂದದ್ದು ಏನಾಗುತ್ತದೆ?

ಮೇ 10, ಶನಿವಾರ

ಹೇಳಲಿಲ್ಲ.

ಸೆಂಟು ಸಾರ್ ಕ್ಯಾಮೆರಾದವನನ್ನೂ ಕರೆದುಕೊಂಡು ಬಂದಿದ್ದ. ನಾನು ಹೇಳಿದೆ, "ಸಾರ್, ನಿಜ ಏನಿದೆಯೋ ಅದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ನಗ್ತಾ ಹೇಳು ಅಂದ್ರೆ ನಗ್ತಾ ಹೇಳ್ತೀನಿ. ಕಟೌಟು ಬಿಸಿಲಿಗೆ ಮಾಸಿತು, ಆ ಬಣ್ಣ ಇದು."

"ಮಾಸಿದ್ದು ಅಂದ್ರೆ ಯಾರಮ್ಮಾ ತಗೋತಾರೆ?"

ಅವನ ಬೆನ್ನ ಹಿಂದೆಯೇ ಒಬ್ಬಾಕೆ ಒಳಗೆ ಬಂದು, "ಎಲ್ಲಿ, ಒಂದು ಮಾಸಿದ್ದು ಕೊಡಿ" ಅಂದಳು. ಕ್ಯಾಮೆರಾದವನು ನಕ್ಕುಬಿಟ್ಟ. ಸೆಂಟು ಸಾರ್‌ಗೂ ನಗು ಬಂತು, ಆದರೂ ಅವನು ಅವನ ಕೆಲಸ ಮಾಡಬೇಕಲ್ಲ. ಕಟೌಟು, ಬೋರ್ಡು, ಕನ್ನಡಿ, ಮಾರದೆ ಉಳಿದಿದ್ದ ಮಿಂಚು ಕೆಂಪು ಎಲ್ಲವೂ ವ್ಯಾನು ಹತ್ತಿದವು. ಮಿಂಚುವನ್ನು ಮಡಿಸಲು ಹೋಗಿ ಅವಳ ಕುತ್ತಿಗೆ ಮುರಿಯಿತು.

ಸಂಜೆ ಅಕ್ಕ ಶಟರ್ ಎಳೆಯುವಾಗ, "ಸೋಮವಾರ ಬರಬೇಡ ಅಂತ ಹೇಳೋಣ ಅಂದ್ಕೊಂಡೆ," ಅಂದರು. "ಬಾಯಿಗೆ ಬರ್ತಿಲ್ಲ. ನಿನ್ನ ರೋಗ ನನಗೂ ಅಂಟಿಕೊಂಡಿದೆ."

ಮೇ 16, ಶುಕ್ರವಾರ

ಬಾಗಿಲು ಬೋಳು. ಎರಡು ದಿನ ಜನ ಕಡಿಮೆಯಿದ್ದರು, ಮಿಂಚು ಇಲ್ಲದೆ ಅಂಗಡಿಯೇ ಕಾಣಲಿಲ್ಲವಂತೆ ಕೆಲವರಿಗೆ. ಆಮೇಲೆ ಒಬ್ಬೊಬ್ಬರೇ ಬಂದರು. ದೊಡ್ಡ ಅಂಗಡಿಯಲ್ಲಿ ಹೊಸ ಕಟೌಟು ನಿಲ್ಲಿಸಿದ್ದಾರಂತೆ, ಗಾಜಿನ ಒಳಗೆ, ಕೆಂಪು ತುಟಿ. ಕಂಡಕ್ಟರ್ ಆಂಟಿ ತೀರ್ಪು ಕೊಟ್ಟಳು: "ಅಲ್ಲಿಗೆ ಹೋದಮೇಲೆ ಕೆಟ್ಟುಹೋದಳು ಅವಳು. ನಮ್ಮಲ್ಲಿದ್ದಾಗ ಎಷ್ಟು ಲಕ್ಷಣವಾಗಿದ್ದಳು."

ಮಧ್ಯಾಹ್ನ ಹಳೆಯ ವ್ಯಾನೊಂದು ನಿಂತಿತು. ಇಳಿದವರು ಗಟ್ಟಿ ದನಿಯ ಹೆಂಗಸು, ಉಗುರಿನ ಸಂದಿಯಲ್ಲೆಲ್ಲ ಕೆಂಪು, ಕಂದು. ಅಗ್ಗದ ಲಿಪ್‌ಸ್ಟಿಕ್ ಮಾಡುವ ಆ ಕಾರ್ಖಾನೆಯ ಯಜಮಾನಿ. "ನನ್ನ ಕಂದು, ನನ್ನ ತಿಳಿಗುಲಾಬಿ, ಎರಡನ್ನೂ ಯಾರೂ ಮೂಸಿ ನೋಡ್ತಿರಲಿಲ್ಲ. ಈ ಒಂದು ಅಂಗಡಿಗೆ ಮಾತ್ರ ಜೋಡಿಯಾಗಿ ಹೋಗ್ತಿವೆ. ಏನು ಮಾಡ್ತೀರಿ ಅದನ್ನ, ಗೋಡೆಗೆ ಬಳೀತೀರಾ?"

ಹಚ್ಚಿ ತೋರಿಸಿದೆ. ಅವರದೇ ತುಟಿಗೆ. ಕೈಗನ್ನಡಿ ನೋಡುವ ಮೊದಲು ಅವರು ನನ್ನ ತೋಳಿನ ಪಟ್ಟೆಗಳನ್ನು ನೋಡಿದರು. ಎರಡನ್ನೂ ಬೆರೆಸಿ ಒಂದೇ ಟ್ಯೂಬು ಮಾಡಲು ಆಗುತ್ತದಾ ಎಂದು ಕೇಳಿದೆ. "ಬೆರೆಸೋ ಕೋಣೆಯಲ್ಲಿ ಜನ ಬೇಕು ನನಗೆ," ಅಂದರು. "ಎಷ್ಟು ಓದಿದೀಯ?"

"ಹತ್ತನೇದು ಬಿಟ್ಟೆ."

"ಗ್ರಾಮು, ಶೇಕಡಾ, ಅನುಪಾತ ಗೊತ್ತಾ?"

"ಗೊತ್ತಿಲ್ಲ."

"ಗೊತ್ತು ಅಂದಿದ್ರೆ ಎರಡು ಲೆಕ್ಕ ಕೊಟ್ಟು ನೋಡ್ತಿದ್ದೆ. ಸಂಜೆ ಕ್ಲಾಸಿಗೆ ಹೋಗಬೇಕಾಗುತ್ತೆ. ಆಗುತ್ತಾ?"

ಆಗುತ್ತೆ ಅಂದೆ. ಬಿಕ್ಕಳಿಕೆ ಬರಲಿಲ್ಲ.

ಮೇ 18, ಭಾನುವಾರ

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ಆವಿ ಇರುತ್ತಾ?" ಮೇಣ ಕರಗಿಸುವಾಗ ಸ್ವಲ್ಪ ಇರುತ್ತದಂತೆ, ದೊಡ್ಡ ಫ್ಯಾನು ಇದೆಯಂತೆ ಅಂದೆ. ಫ್ಯಾನು ಯಾವ ಕಡೆಗೆ ಗಾಳಿ ಎಳೆಯುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಅಣ್ಣನನ್ನು ಕರೆದುಕೊಂಡು ತಾನೇ ಹೋಗಿ ನೋಡಿಕೊಂಡು ಬರುತ್ತಾಳಂತೆ.

ಮೇ 24, ಶನಿವಾರ

ಅಮ್ಮ ಹೋಗಿಬಂದಳು. ಫ್ಯಾನು ಹೊರಕ್ಕೆ ಎಳೆಯುತ್ತದೆ. ಇರಲು ಯಜಮಾನಿಯ ಮಹಡಿಯ ಮೇಲೆ ಒಂದು ಕೋಣೆ. ಹೋಗಬಹುದು.

ಅಕ್ಕನಿಗೆ ಹೇಳುವುದೊಂದು ಉಳಿದಿತ್ತು. ಬೆಳಿಗ್ಗೆಯಿಂದ ಹೇಳಲಾಗದೆ ಎಲ್ಲ ಡ್ರಾಯರುಗಳನ್ನೂ ಜೋಡಿಸಿಟ್ಟೆ. ಅಕ್ಕನೇ ಕೇಳಿದರು, "ಏನು ವಿಷಯ? ಇಷ್ಟೊಂದು ಕೆಲಸ ಮಾಡ್ತಿದೀಯ."

ಹೇಳಿದೆ. ಮಾಸಿದ್ದು ಒಂದೇ ಟ್ಯೂಬಿನಲ್ಲಿ ಬರುತ್ತದೆ, ಮೊದಲ ಮಾಲು ಈ ಅಂಗಡಿಗೇ ಎಂದು ಯಜಮಾನಿ ಮಾತು ಕೊಟ್ಟಿದ್ದಾರೆ ಎಂದೂ ಹೇಳಿದೆ. "ನಾನು ಹೋದ್ರೆ ನಿಮಗೆ ಒಪ್ಪಿಗೆಯಾ?"

"ಒಪ್ಪಲ್ಲ," ಅಂದರು ಅಕ್ಕ. ನನ್ನ ಮುಖ ನೋಡಿಯೇ ಅಂದರು. "ಆದ್ರೂ ಹೋಗು."

ಮೇ 31, ಶನಿವಾರ

ಅಂಗಡಿಯಲ್ಲಿ ಕೊನೆಯ ದಿನ. ಹೊಸ ಗಿರಾಕಿಯೊಬ್ಬಳು ಫೋನಿನಲ್ಲಿ ಮಿಂಚುವಿನ ಫೋಟೋ ತೋರಿಸಿ ಇದೇ ಕೆಂಪು ಬೇಕು ಅಂದಳು. ಹಚ್ಚಿ ನೋಡಲು ಇಟ್ಟಿದ್ದ ಒಂದೇ ಒಂದು ಟ್ಯೂಬು ನಮ್ಮಲ್ಲಿ ಉಳಿದಿತ್ತು, ಹಚ್ಚಿ ನೋಡಿದೆವು. ಅವಳಿಗೆ ಚೆನ್ನಾಗಿಯೇ ಕಂಡಿತು, ಚೆನ್ನಾಗಿದೆ ಅಂದೆ. ಎರಡು ಬೀದಿ ಆಚೆ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ ಎಂದು ದಾರಿಯನ್ನೂ ಹೇಳಿದೆ. ಅಕ್ಕ ಹಣೆ ಚಚ್ಚಿಕೊಂಡರು.

ಬಟ್ಟೆ ತುಂಬಿಯಾಗಿದೆ. ಕಾರ್ಖಾನೆಯ ಯಜಮಾನಿ ಫೋನು ಮಾಡಿ, ಒಳ್ಳೆಯ ಬಟ್ಟೆ ತರಬೇಡ, ಎಲ್ಲವೂ ಬಣ್ಣವಾಗುತ್ತದೆ ಅಂದರು. ನನ್ನ ಹತ್ತಿರ ಒಳ್ಳೆಯ ಬಟ್ಟೆ ಇಲ್ಲ ಅಂದೆ.

ಇಲ್ಲಿಯವರೆಗೆ ಎಲ್ಲಿಂದ ಹೊರಟರೂ ಜಗಳವಾಡಿಯೇ ಹೊರಟಿದ್ದೆ, ಅದು ಸುಲಭ. ಈ ಸಲ ಯಾರ ಮೇಲೂ ಸಿಟ್ಟಿಲ್ಲ. ಹೀಗೆ ಹೊರಡುವುದು ಹೇಗೆಂದು ತಿಳಿಯದೆ ಸಂಜೆಯಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ. ಅಡ್ಡ ನಿಲ್ಲಬೇಡ ಎಂದು ಅಮ್ಮ ಎರಡು ಸಲ ಗದರಿದಳು, ಮೂರನೇ ಸಲ ಗದರಲಿಲ್ಲ.

ಬೆಳಗಿನ ಮೊದಲ ಬಸ್ಸು. ನಾಳೆ ಹೊರಡುತ್ತೇನೆ.